ಒಂಬತ್ತಕ್ಕೆ ನಾಲ್ಕು

ನಮ್ಮ ಊರಿನಲ್ಲಿ ‘ಎಂದಿಟ್ಟುಕೊಳ್ಳೋಣ’ ಎಂಬ ಮಾತನ್ನು ಯಾರೂ ಹಗುರವಾಗಿ ಆಡುವುದಿಲ್ಲ. ಲೆಕ್ಕದ ಪುಸ್ತಕ ಬಿಚ್ಚಿ, ಒಬ್ಬ ವ್ಯಾಪಾರಿ ತನ್ನಲ್ಲಿದ್ದ ಮಾವಿನಹಣ್ಣುಗಳ ಐದರಲ್ಲಿ ಎರಡು ಭಾಗ ಮಾರಿದ ಎಂದಿಟ್ಟುಕೊಳ್ಳೋಣ ಎಂದು ಗಟ್ಟಿಯಾಗಿ ಓದಿದರೆ ಸಾಕು, ವ್ಯಾಪಾರಿ ಬಂದು ಜಗಲಿಯ ಮೇಲೆ ಬುಟ್ಟಿ ಇಳಿಸುತ್ತಾನೆ. ಅವನ ಲೆಕ್ಕದ ಸರಿಯಾದ ಉತ್ತರವನ್ನು ಯಾರಾದರೂ ಬಾಯಿ ಬಿಟ್ಟು ಹೇಳುವ ತನಕ ಅಲ್ಲೇ ಇರುತ್ತಾನೆ. ಹೇಳಿದ ಕೂಡಲೇ ಬುಟ್ಟಿಯ ಸಮೇತ ಮಾಯ. ಅಷ್ಟರೊಳಗೆ ತಿಂದ ಹಣ್ಣು ಮಾತ್ರ ತಿಂದವರದು.

ಹೀಗಾಗಿ ನಮ್ಮಲ್ಲಿ ಲೆಕ್ಕ ಬಾರದವರಿಗೆ ಮರ್ಯಾದೆ ಹೆಚ್ಚು, ಅವರ ಮನೆಯೂ ಸದಾ ತುಂಬಿರುತ್ತದೆ. ಪರೀಕ್ಷೆಯ ದಿನ ಶಾಲೆಯ ಹಿಂದಿನ ಬೆಂಚುಗಳಲ್ಲಿ ಹಬ್ಬ. ಮುಂದಿನ ಬೆಂಚಿನ ಜಾಣರು ಮಾಸ್ತರರ ಎದುರು ಉತ್ತರ ಒಪ್ಪಿಸಿ, ತಮ್ಮ ತಮ್ಮ ಕುರಿಗಳನ್ನೂ ಕಿತ್ತಳೆಗಳನ್ನೂ ಕಳೆದುಕೊಂಡು ಬರಿಗೈಯಲ್ಲಿ ಮನೆಗೆ ಬಂದರೆ, ನಪಾಸಾದವರು ಕುರಿ ಹೊಡೆದುಕೊಂಡು ಬರುತ್ತಾರೆ. ಒಮ್ಮೆ ಹೊಸದಾಗಿ ಬಂದ ಮಾಸ್ತರರೊಬ್ಬರು ಎದುರುಬದುರಾಗಿ ಓಡಿಬರುವ ಎರಡು ರೈಲುಗಳ ಲೆಕ್ಕ ಓದಿಬಿಟ್ಟರು. ನಮ್ಮೂರಿಗೆ ರೈಲೇ ಇಲ್ಲ. ಹಳಿಗಳು ಕಾಯಿಪಲ್ಲೆ ಸಂತೆಯ ನಟ್ಟನಡುವೆ ಬಿದ್ದುಕೊಂಡವು. ಬದನೆಕಾಯಿ ಮಾರುವವರೆಲ್ಲ ಎದ್ದು ಓಡುತ್ತಿದ್ದರೆ, ಮಾಸ್ತರರು ಧೋತರ ಎತ್ತಿ ಹಿಡಿದು ಹಳಿಯ ಪಕ್ಕದಲ್ಲೇ ಓಡುತ್ತ ಗುಣಾಕಾರ ಮಾಡಿ, ಕಡೆಯ ಗಳಿಗೆಯಲ್ಲಿ ಉತ್ತರ ಕೂಗಿದರು. ಅಂದಿನಿಂದ ಅವರು ಚಿತ್ರಕಲೆ ಕಲಿಸುತ್ತಾರೆ.

ಇಂಥ ಊರಿನಲ್ಲಿ ನಾನು ಗಣಿತದಲ್ಲಿ ಪದವಿ ಪಡೆದೆ. ಫಲಿತಾಂಶ ಬಂದ ದಿನ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಅವ್ವನ ಕೈ ಹಿಡಿದು ಸಮಾಧಾನ ಹೇಳಿ ಹೋದರು. “ಇರಲಿ ಬಿಡ ಬಸಲಿಂಗಿ, ನಿನ್ನ ಸುಗಲಾ ಮಾತು ಕಡಿಮಿ ಆಡ್ತಾಳ, ಅದೊಂದು ಪುಣ್ಯ” ಅಂದರು.

ಅವರು ಹೇಳಿದ್ದು ನಿಜವೇ. ನಾನು ನಾಲ್ಕು ಜನರೆದುರು ಬಾಯಿ ತೆರೆದವಳಲ್ಲ. ಹೇಳಬೇಕೆನಿಸಿದ್ದನ್ನು ದಿನಚರಿಯಲ್ಲಿ ಬರೆದುಬಿಡುತ್ತೇನೆ. ಬರೆದ ಉತ್ತರಕ್ಕೆ ಯಾರೂ ಮಾಯವಾಗುವುದಿಲ್ಲ. ಆದರೂ ಒಂದು ಸಂಖ್ಯೆಯನ್ನು ಮಾತ್ರ ಅಲ್ಲಿಯೂ ಬರೆದಿಲ್ಲ, ಯಾರಾದರೂ ನೋಡಿ ಗಟ್ಟಿಯಾಗಿ ಓದಿಬಿಟ್ಟಾರೆಂಬ ಭಯ. ಕತೆಪುಸ್ತಕ ಓದುವಾಗ ಆ ಸಂಖ್ಯೆಯ ಪುಟ ಬಂದರೆ ಬೆರಳಿನಿಂದ ಮುಚ್ಚಿಕೊಂಡು ಓದುತ್ತೇನೆ. ಅದು ಅಪ್ಪನ ವಯಸ್ಸು.

ಅಪ್ಪ ಬಂದದ್ದು ಏಳನೆಯ ಇಯತ್ತೆಯ ಅಂಕಗಣಿತದ ಪುಸ್ತಕದಿಂದ. ಹೆತ್ತ ತಂದೆ ನಾನು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಿದ್ದರು. ನನ್ನನ್ನು ಶಾಲೆಗೆ ಸೇರಿಸುವ ಹೊತ್ತಿಗೆ, ತಂದೆ ಇಲ್ಲದ ಹುಡುಗಿ ಎಂದು ಯಾರೂ ಅನ್ನಬಾರದೆಂದು ಅವ್ವ ಹಟ ಹಿಡಿದಳಂತೆ. ಪಕ್ಕದ ಮನೆಯ ಕಾಶವ್ವತ್ತಿಯನ್ನು ಕೂರಿಸಿಕೊಂಡು, ಅನುಪಾತದ ಅಧ್ಯಾಯ ಬಿಚ್ಚಿ, ಒಬ್ಬೊಬ್ಬರನ್ನೇ ಮನಸ್ಸಿನಲ್ಲೇ ಓದಿ ನೋಡಿದಳಂತೆ. ಮೊದಲ ಲೆಕ್ಕದವನು ಹಾಲಿನ ವ್ಯಾಪಾರಿ, ಐದಕ್ಕೆ ಎರಡರಂತೆ ನೀರು ಬೆರೆಸುತ್ತಿದ್ದ. “ಇಂಥಾಂವ ಬ್ಯಾಡ” ಅಂದಳು ಅವ್ವ. ಎರಡನೆಯವನು ತನ್ನ ಹೊಲವನ್ನು ಮೂವರು ಗಂಡುಮಕ್ಕಳಿಗೆ ಹಂಚುವವನು. “ಮೂರೂ ಮಕ್ಕಳು ಬೆನ್ನು ಹತ್ತಿ ಬರ್ತಾವ. ಅವಕ್ಕ ರೊಟ್ಟಿ ಬಡಿಯಾಕಿ ಯಾರು?” ಅಂದಳು ಕಾಶವ್ವತ್ತಿ. ಮೂರನೆಯವನು ಇನ್ನೊಬ್ಬನ ಜೊತೆ ಸೇರಿ ಗೋಡೆ ಕಟ್ಟುತ್ತ, ಅರ್ಧ ಕೆಲಸದಲ್ಲಿ ಬಿಟ್ಟುಹೋಗುವವನು. ಅವನನ್ನು ಪೂರ್ತಿ ಓದಲೇ ಇಲ್ಲ. ನಾಲ್ಕನೆಯದು ಹೀಗಿತ್ತು: ಒಬ್ಬ ತಂದೆಯ ವಯಸ್ಸು ಅವನ ಮಗಳ ವಯಸ್ಸಿನ ಏಳು ಪಟ್ಟು.

“ಇಂವಗ ಬ್ಯಾರೆ ಏನೂ ಚಟ ಇಲ್ಲ ನೋಡ” ಅಂದಳು ಕಾಶವ್ವತ್ತಿ. “ಮಗಳು ಮತ್ತ ವಯಸ್ಸು. ಮುಗೀತು.”

ಅವ್ವ ಅದರ ತುದಿಗೆ ‘ಎಂದಿಟ್ಟುಕೊಳ್ಳೋಣ’ ಸೇರಿಸಿ ಗಟ್ಟಿಯಾಗಿ ಓದಿ ಪುಸ್ತಕ ಮುಚ್ಚಿದಳು. ಬಾಗಿಲಲ್ಲಿ ಕೊಡೆ ಹಿಡಿದ ದಪ್ಪ ಮೀಸೆಯ ಮನುಷ್ಯನೊಬ್ಬ ನಿಂತು, “ಶಾಲಿಗೆ ಹೋಗೂ ಮಗಳು ಯಾರು?” ಎಂದು ಕೇಳಿದ.

ಲೆಕ್ಕದಲ್ಲಿ ಹೆಸರು ಇರಲಿಲ್ಲವಾದ್ದರಿಂದ ಊರೆಲ್ಲ ಅವನನ್ನು ತಂದೆಯವರೆಂದೇ ಕರೆಯಿತು. ಹಲ್ಲೆಲ್ಲ ಉದುರಿದ ಮುದುಕರೂ “ಏನ್ರಿ ತಂದೆಯವರ, ಆರಾಮ?” ಎನ್ನುತ್ತಾರೆ. ಅಪ್ಪನಿಗೆ ಪ್ರಮಾಣದ ವಿಷಯದಲ್ಲಿ ಕೈ ತಪ್ಪುವುದೇ ಇಲ್ಲ. ಸಿಮೆಂಟಿಗೆ ಮರಳು ಎಷ್ಟು, ದೋಸೆಯ ಅಕ್ಕಿಗೆ ಉದ್ದು ಎಷ್ಟು, ಉಪ್ಪಿನಕಾಯಿಗೆ ಖಾರ ಎಷ್ಟು ಎಂದು ಕೇಳಲು ಜನ ಮನೆಗೇ ಬರುತ್ತಾರೆ. ಮನೆಯಲ್ಲಿ ಹೋಳಿಗೆ ಮಾಡಿದರೆ ಹಂಚುವವನು ಅಪ್ಪನೇ. ಅರ್ಧ ಅವ್ವನಿಗೆ, ಉಳಿದದ್ದರಲ್ಲಿ ಮೂರರ ಎರಡು ಪಾಲು ನನಗೆ, ಮಿಕ್ಕಿದ್ದು ತನಗೆ. ಆರರಲ್ಲಿ ಒಂದೇ ಭಾಗ ಅವನ ತಾಟಿಗೆ ಬೀಳುತ್ತದೆಂದು ಚಿಕ್ಕವಳಿದ್ದಾಗ ನಾನು ಲೆಕ್ಕ ಹಾಕಿ ಕಣ್ಣೀರು ಹಾಕಿದ್ದೆ.

ಅಪ್ಪನಿಗೆ ಗೊತ್ತಿಲ್ಲದ್ದು ತನ್ನ ವಯಸ್ಸೊಂದೇ. ನನ್ನ ವಯಸ್ಸೂ ಅವನಿಗೆ ಗೊತ್ತಿಲ್ಲ. ಎರಡರ ಅನುಪಾತ ಮಾತ್ರ ಗೊತ್ತು. ಪ್ರತಿ ಹುಟ್ಟುಹಬ್ಬದ ಬೆಳಿಗ್ಗೆ ನನ್ನ ತಲೆಯ ಮೇಲೆ ಕೈಯಿಟ್ಟು ಹೊಸ ಅನುಪಾತ ಹೇಳುತ್ತಾನೆ. ಏಳು ಪಟ್ಟು ಇದ್ದವನು ಆರು ಪಟ್ಟಾದ, ನಾಲ್ಕಾದ, ನಾನು ಲಂಗ ದಾವಣಿ ಉಡುವ ಹೊತ್ತಿಗೆ ಮೂರಾದ. “ವರ್ಷಾ ವರ್ಷಾ ನಾ ಸಣ್ಣಾಂವ ಆಗಾಕತ್ತೇನಲ್ಲ” ಎಂದು ನಗುತ್ತಾನೆ. ನನ್ನ ವಯಸ್ಸು ಓಣಿಗೆಲ್ಲ ಗೊತ್ತು, ಹಾಗಾಗಿ ಅಪ್ಪನದೂ ಎಲ್ಲರ ಬಾಯಲ್ಲೇ ಇದೆ. ಅದನ್ನು ಅವರು ಅಲ್ಲೇ ಇಟ್ಟುಕೊಂಡಿದ್ದಾರೆ. ಒಮ್ಮೆ ಅಪ್ಪ ನನ್ನ ಜೊತೆ ಜಗಲಿಯಲ್ಲಿ ಕೂತಿದ್ದಾಗ, “ನನಗೂ ಒಮ್ಮೊಮ್ಮೆ ಅನಸ್ತೈತಿ ತಂಗಿ, ಯಾರರೆ ಒಬ್ರು ಹೇಳ್ಬೇಕು, ನಾ ಎಷ್ಟು ಅಂತ” ಅಂದ. ಲೆಕ್ಕವಾಗಿ ಬಂದವನಿಗೆ ಬಿಡಿಸಿಕೊಳ್ಳುವ ಆಸೆ ಇರುವುದು ಸಹಜವೇ. ನಾನು ಅವರೆಕಾಯಿಯ ಬುಟ್ಟಿಯನ್ನು ಹತ್ತಿರ ಎಳೆದುಕೊಂಡೆ. ಅವ್ವ ಒಳಗಿನಿಂದಲೇ, “ಬಾಯಿ ಮುಚ್ಚಿಕೊಂಡು ಅವರೀಕಾಯಿ ಸುಲೀರಿ” ಅಂದಳು.

ನನಗೆ ಗಂಡು ಹುಡುಕುವ ಕೆಲಸ ಕಾಶವ್ವತ್ತಿ ವಹಿಸಿಕೊಂಡಳು. ನಮ್ಮೂರಿನವರು ಯಾರೂ ಒಪ್ಪುವುದಿಲ್ಲ. ಲೆಕ್ಕ ಬಲ್ಲ ಸೊಸೆ ಒಮ್ಮೆ ಬಾಯಿ ತೆರೆದರೆ ಹಿತ್ತಿಲಿನ ದನಕರು ಉಳಿಯುವುದಿಲ್ಲ. ಹಾಗಾಗಿ ದಕ್ಷಿಣದ ಕಡೆಯ ಊರಿನಿಂದ ಸಂಬಂಧ ತಂದಳು. ಹುಡುಗನ ಹೆಸರು ಮೃತ್ಯುಂಜಯ, ಕಾಲೇಜಿನಲ್ಲಿ ಗಣಿತ ಕಲಿಸುತ್ತಾರೆ, ಚಿನ್ನದ ಪದಕ ಬಂದಿದೆ.

“ಗಣಿತದಾಂವ?” ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು. “ಕಾಶವ್ವಾ, ನಿನಗೇನು ಬುದ್ಧಿ ಐತಿಲ್ಲ? ಮನ್ಯಾಗ ಇವರನ್ನ ಇಟಗೊಂಡು ಗಣಿತದಾಂವನ್ನ ಕರಸ್ತಿ?”

“ಮತ್ತೇನು ಮಾಡ್ಲಿ? ಇತಿಹಾಸದಾಂವ ಒಬ್ಬ ಇದ್ದ, ಅವನ ಅವ್ವಗ ಹುಡುಗಿ ಬಣ್ಣ ಸಾಲಲಿಲ್ಲ. ತಂದೆಯವರನ್ನ ಹಿತ್ತಲದಾಗ ಕೂಡಿಸಿ ಕೀಲಿ ಹಾಕೂಣು.”

“ಮಗಳನ್ನ ನೋಡಾಕ ಬಂದಾಗ ತಂದಿ ಇಲ್ಲಂದ್ರ? ಮತ್ತ ಯಾಕ ತರಿಸಿದ್ದೆ ಇವ್ರನ್ನ?”

ಅಪ್ಪ ಮೂಲೆಯಲ್ಲಿ ತನ್ನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ವಯಸ್ಸು ಕೇಳಿದರೆ ಕೆಮ್ಮಬೇಕು ಎಂದು ಇಬ್ಬರೂ ಅವನಿಗೆ ಕಲಿಸಿದರು. ಕೇಳಿದ್ದಕ್ಕೆ ದತ್ತಾಂಶ ಕೊಡದೆ ಇರುವುದು ಅವನ ಸ್ವಭಾವಕ್ಕೆ ಕಷ್ಟ. “ಪ್ರಯತ್ನ ಮಾಡ್ತೇನಿ. ಮೂರರಾಗ ಒಂದು ಪಾಲು ಭರವಸಾ ಐತಿ” ಅಂದ.

ಅವರು ಬಂದ ದಿನ ನಾನು ಅಟ್ಟದ ಕಿಟಕಿಯ ಹಿಂದೆ ಸೀರೆ ಉಟ್ಟುಕೊಂಡು ನಿಂತಿದ್ದೆ. ಓಣಿಯ ತಿರುವಿನಲ್ಲಿ ನೀರಿನ ತೊಟ್ಟಿ ಇದೆ. ಇದೆ ಅಂದರೆ, ಆ ದಿನದವರೆಗೆ ಇತ್ತು. ಯಾವುದೋ ಕಾಲದ ಮಾಸ್ತರರು ಇಟ್ಟುಕೊಂಡದ್ದು. ಒಂದು ನಲ್ಲಿ ಅದನ್ನು ನಾಲ್ಕು ತಾಸಿನಲ್ಲಿ ತುಂಬಿಸುತ್ತದೆ, ಇನ್ನೊಂದು ಹನ್ನೆರಡು ತಾಸಿನಲ್ಲಿ ಖಾಲಿ ಮಾಡುತ್ತದೆ, ಎರಡನ್ನೂ ಒಟ್ಟಿಗೆ ತೆರೆದರೆ ತುಂಬಲು ಎಷ್ಟು ಹೊತ್ತು ಎಂದು ಅದರ ಗೋಡೆಯ ಮೇಲೇ ಕೊರೆದಿತ್ತು. ಇಡೀ ಓಣಿ ಅದರ ನೀರು ಕುಡಿದು ಬದುಕಿತ್ತು. ಮೃತ್ಯುಂಜಯ ಅವರು ಅಮ್ಮನ ಜೊತೆ ನಡೆದು ಬರುತ್ತಿದ್ದವರು ತೊಟ್ಟಿಯ ಮುಂದೆ ನಿಂತರು. ಉದ್ದ ಕತ್ತು, ದೊಡ್ಡ ಕನ್ನಡಕ. ಸಾಲು ಹಚ್ಚಿದ್ದ ಹೆಂಗಸರು ದಾರಿ ಬಿಟ್ಟರು, ಪಾಪ, ಬಾಯಾರಿರಬೇಕೆಂದುಕೊಂಡು.

“ನೋಡಮ್ಮ, ಇಲ್ಲೊಂದು ಲೆಕ್ಕ!” ಎಂದರು ಅವರು. “ಗಂಟೆಗೆ ನಾಲ್ಕರಲ್ಲಿ ಒಂದು ಭಾಗ ತುಂಬುತ್ತೆ, ಹನ್ನೆರಡರಲ್ಲಿ ಒಂದು ಭಾಗ ಖಾಲಿಯಾಗುತ್ತೆ. ಕಳೆದ್ರೆ…” ತೊಟ್ಟಿಯ ಗೋಡೆ ತೆಳ್ಳಗಾಗಿ ಒಳಗಿನ ನೀರು ಹೊರಗಿನಿಂದ ಕಾಣತೊಡಗಿತು. “ಮೂರು ಕಳೆ ಒಂದು, ಹನ್ನೆರಡರಲ್ಲಿ ಎರಡು. ಅಂದ್ರೆ ಆರರಲ್ಲಿ ಒಂದು ಭಾಗ. ಆರು ಗಂಟೆ!”

ಸಾಲಿನ ಮುಂದಿದ್ದ ಶಂಕ್ರವ್ವನ ಕೊಡ ನಲ್ಲಿಯ ಕೆಳಗೆ ಅರ್ಧ ತುಂಬಿತ್ತು. ನಲ್ಲಿ ಹೋಯಿತು, ತೊಟ್ಟಿ ಹೋಯಿತು, ಕೊಡ ಬರೀ ನೆಲದ ಮೇಲೆ ನಿಂತುಕೊಂಡಿತು. ಹೆಂಗಸರೆಲ್ಲರೂ ಒಟ್ಟಿಗೆ ಮಾತಾಡಿದರು. ಮೃತ್ಯುಂಜಯ ಅವರು ತೊಟ್ಟಿ ಇದ್ದ ಜಾಗವನ್ನು ಚಪ್ಪಲಿಯ ತುದಿಯಿಂದ ಮುಟ್ಟಿ ನೋಡುತ್ತಿದ್ದರು. ಅವರ ಅಮ್ಮ ಗಿರಿಜಾಂಬ, “ಬಾರೋ ಮುತ್ತು, ಯಾರೋ ಏನೋ ಕಣ್ಕಟ್ಟು ಮಾಡ್ತಿದ್ದಾರೆ” ಎಂದು ಕೈ ಹಿಡಿದು ಎಳೆದುಕೊಂಡು ಬಂದರು. ಹೆಂಗಸರು ಖಾಲಿ ಕೊಡ ಹೊತ್ತು ಹಿಂದೆಯೇ ಬಂದರು.

ನನಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಅದರ ಅಡಿಯಲ್ಲಿ ಬೇರೊಂದು ಇತ್ತು. ಅವರು ಛೇದವನ್ನು ಹನ್ನೆರಡಕ್ಕೆ ತಂದ ರೀತಿ ಎಷ್ಟು ಚೊಕ್ಕವಾಗಿತ್ತು! ಆ ಲೆಕ್ಕವನ್ನು ನಾನು ಚಿಕ್ಕಂದಿನಲ್ಲೇ ಬಿಡಿಸಿ, ಉತ್ತರವನ್ನು ಎಲ್ಲಿಯೂ ಇಳಿಸಲಾಗದೆ ಹೊತ್ತುಕೊಂಡು ತಿರುಗಿದ್ದೆ. ಅದೇ ದಾರಿಯಲ್ಲಿ ನಡೆದು ಅಲ್ಲಿಗೇ ಮುಟ್ಟಿದ ಇನ್ನೊಬ್ಬರನ್ನು ನಾನು ನೋಡಿದ್ದು ಅದೇ ಮೊದಲು. ಮರುಗಳಿಗೆಯೇ, ಇವರು ಈಗ ನಮ್ಮ ಮನೆಗೆ ಬರುತ್ತಿದ್ದಾರೆ ಎಂಬುದು ನೆನಪಾಗಿ ಸೀರೆ ಎತ್ತಿ ಹಿಡಿದು ಮೆಟ್ಟಿಲಿಗೆ ಓಡಿದೆ.

ಕೆಳಗೆ ಇಳಿಯುವಷ್ಟರಲ್ಲಿ ಅಪ್ಪ ಅವರನ್ನು ಕೂರಿಸಿ ಆಗಿತ್ತು. ನಾನು ಚಹಾದ ತಟ್ಟೆ ಹಿಡಿದು ಬಂದೆ, ಕೊಟ್ಟೆ, ಅವ್ವನ ಪಕ್ಕ ಚಾಪೆಯ ಅಂಚಿನಲ್ಲಿ ಕೂತೆ. ಅಪ್ಪ ಗೋಡೆಗೆ ಒರಗಿ ಕೂತಿದ್ದ, ಅವನ ಬೆನ್ನ ಹಿಂದೆ ಗಾಣದವರು ಕೊಟ್ಟ ಕ್ಯಾಲೆಂಡರು. ಬಾಗಿಲಾಚೆ ಶಂಕ್ರವ್ವ ಮತ್ತವಳ ಪಡೆ ಕೊಡಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿತ್ತು. ಮಂಗಳಕಾರ್ಯ ಮುಗಿದ ಮೇಲೆ ಜಗಳ ಆಡೋಣವೆಂದು ಕಾಶವ್ವತ್ತಿ ಅವರನ್ನು ಒಪ್ಪಿಸಿದ್ದಳು. ಗಿರಿಜಾಂಬ ನನಗೆ ಹಾಡು ಬರುತ್ತದೆಯೇ ಎಂದು ಕೇಳಿದರು. ನಾನು ಇಲ್ಲವೆಂದು ತಲೆ ಆಡಿಸಿದೆ. ಅಡುಗೆ ಕೇಳಿದರು. ಹೌದೆಂದು ಆಡಿಸಿದೆ.

“ಹುಡುಗಿ ಬಾಯಿ ಬಿಡೋದೇ ಇಲ್ವಲ್ಲ” ಅಂದರು ಗಿರಿಜಾಂಬ.

“ನಮ್ಮೂರಾಗ ಅದನ್ನ ಸಂಸ್ಕಾರ ಅಂತಾರ್ರಿ” ಅಂದಳು ಕಾಶವ್ವತ್ತಿ.

ಅಲ್ಲಿಯವರೆಗೆ ಎಲ್ಲ ಸುಸೂತ್ರವಾಗಿತ್ತು. ಗಿರಿಜಾಂಬ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಅಪ್ಪನನ್ನು ಸ್ವಲ್ಪ ಹೊತ್ತು ನೋಡಿದರು. “ನಮ್ಮ ಯಜಮಾನರೂ ನೀವೂ ಒಂದೇ ಓರಗೆ ಇರಬೇಕು. ತಮಗೆ ವಯಸ್ಸೆಷ್ಟು?” ಅಂದರು.

ಅವ್ವ ಕೆಮ್ಮಿದಳು. ಕಾಶವ್ವತ್ತಿ ಕೆಮ್ಮಿದಳು. ಬಾಗಿಲಾಚೆಯಿಂದ ಏಳೆಂಟು ಕೆಮ್ಮು ಕೇಳಿದವು. ಕೆಮ್ಮಬೇಕಾದವನೊಬ್ಬ ಮಾತ್ರ ಕೆಮ್ಮಲಿಲ್ಲ. ಅವನ ಗಂಟಲು ಪಾಪ ಒಂದೆರಡು ಸಲ ಏರಿ ಇಳಿಯಿತು, ಆಮೇಲೆ ಸ್ವಭಾವ ಗೆದ್ದಿತು.

“ನನ್ನ ವಯಸ್ಸಿಗೂ ನನ್ನ ಮಗಳ ವಯಸ್ಸಿಗೂ,” ಅಂದ ಅಪ್ಪ, “ಒಂಬತ್ತಕ್ಕ ನಾಕು.”

ಗಿರಿಜಾಂಬ ಬಾಯಿ ತೆರೆದುಕೊಂಡು ಕೂತರು. ಅವರ ಮಗನ ಕನ್ನಡಕದ ಹಿಂದೆ ದೀಪ ಹತ್ತಿತು. “ಆಹಾ!” ಎಂದು ಮುಂದಕ್ಕೆ ಜರುಗಿ ಕೂತರು. “ಅಮ್ಮ, ಇದು ಸುಲಭ. ಹುಡುಗಿಗೆ ಇಪ್ಪತ್ತನಾಲ್ಕು ಅಂತ ಜಾತಕದಲ್ಲೇ ಇದೆಯಲ್ಲ. ತಂದೆಯವರ ವಯಸ್ಸು ಎಕ್ಸ್ ಅಂತಿರಲಿ.”

“ಎಕ್ಸ್ ಅಂತ ಇರಲಿಬಿಡ್ರಿ, ಹಂಗ ಇರಲಿ!” ಅವ್ವ ಕೈ ಮುಗಿದಳು.

“ಎಕ್ಸ್ ಭಾಗಿಸು ಇಪ್ಪತ್ತನಾಲ್ಕು, ಸಮ, ಒಂಬತ್ತು ಭಾಗಿಸು ನಾಲ್ಕು. ಅಡ್ಡ ಗುಣಾಕಾರ ಮಾಡಬೇಕು.” ಪಾಠ ಮಾಡುವವರ ಅಭ್ಯಾಸದಂತೆ ಅವರು ಒಂದೊಂದೇ ಹೆಜ್ಜೆ ಇಟ್ಟು ಹೇಳುತ್ತಿದ್ದರು, ಗಾಳಿಯಲ್ಲಿ ಬೆರಳಿನಿಂದ ಬರೆಯುತ್ತ. ಕಾಶವ್ವತ್ತಿ ಅವರ ಮಡಿಲಿಗೆ ನೀರಿನ ತಂಬಿಗೆ ಉರುಳಿಸಿದಳು. “ಪರವಾಗಿಲ್ಲ ಬಿಡಿ” ಎಂದು ಒದ್ದೆ ಪ್ಯಾಂಟಿನಲ್ಲೇ ಮುಂದುವರಿದರು. “ನಾಲ್ಕು ಎಕ್ಸ್ ಸಮ, ಇಪ್ಪತ್ತನಾಲ್ಕು ಒಂಬತ್ತಲಿ ಇನ್ನೂರ ಹದಿನಾರು.”

ನಾನು ಅಪ್ಪನ ಕಡೆ ನೋಡಿದೆ. ಅವನ ಅಂಗಿಯ ಮೂಲಕ ಹಿಂದಿನ ಕ್ಯಾಲೆಂಡರಿನ ಭಾನುವಾರಗಳು ಕೆಂಪಗೆ ಕಾಣುತ್ತಿದ್ದವು. ಅಪ್ಪ ಗಾಬರಿಯಾಗಿರಲಿಲ್ಲ. ಬಹಳ ವರ್ಷ ತುರಿಸುತ್ತಿದ್ದ ಜಾಗಕ್ಕೆ ಕೊನೆಗೂ ಯಾರೋ ಕೈ ಒಯ್ಯುತ್ತಿದ್ದಾರೆಂಬಂತೆ ಕಣ್ಣು ಅರೆಮುಚ್ಚಿ ಕಾಯುತ್ತಿದ್ದ. ಅವ್ವನ ಕೈ ನನ್ನ ಮೊಣಕಾಲನ್ನು ಉಗುರು ನೆಡುವಂತೆ ಹಿಡಿದಿತ್ತು.

“ಈಗ ಅದನ್ನ ನಾಲ್ಕರಿಂದ ಭಾಗಿಸಿದ್ರೆ—”

“ನನಗ ಇಪ್ಪತ್ತನಾಕಲ್ಲ.”

ಯಾರ ದನಿ ಎಂದು ನಾನೂ ಸುತ್ತ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಿಲ್ಲಿಸಿದರೆ ಮತ್ತೆ ಆಗುವುದಿಲ್ಲವೆಂದು ಒಂದೇ ಉಸಿರಿಗೆ ಹೇಳಿದೆ: “ಜಾತಕದಾಗಿನ ವಯಸ್ಸು ಸುಳ್ಳು. ನಾ ದೊಡ್ಡಾಕಿ ಅದೀನಿ. ಎಷ್ಟು ಅಂತ ಹೇಳಂಗಿಲ್ಲ.”

ಮೃತ್ಯುಂಜಯ ಅವರ ಬೆರಳು ಗಾಳಿಯಲ್ಲೇ ನಿಂತಿತು. ಅಪ್ಪನ ಅಂಗಿಯ ಬಟ್ಟೆ ನಿಧಾನವಾಗಿ ದಪ್ಪಗಾಗಿ, ಭಾನುವಾರಗಳು ಒಂದೊಂದಾಗಿ ಮುಚ್ಚಿಕೊಂಡವು.

ಅವ್ವನಿಗೆ ಮೊದಲು ಬಂದದ್ದು ಸಿಟ್ಟೇ. ಹೆಣ್ಣು ಹೆತ್ತವಳಲ್ಲವೆ? “ಏನ ಮಾತಾಡ್ತಿ ಹುಚ್ಚಿ! ನನ್ನ ಮಗಳಿಗೆ ಬರೋಬ್ಬರಿ ಇಪ್ಪ—” ಅಂದವಳು ಅಪ್ಪನ ಮುಖ ನೋಡಿದಳು. ಒಂದು ಕಡೆ ಮಗಳ ಮದುವೆ, ಇನ್ನೊಂದು ಕಡೆ ತಾನೇ ಆರಿಸಿ ತಂದ ಗಂಡ. ಸೆರಗಿನಿಂದ ಮುಖ ಒರೆಸಿಕೊಂಡಳು. “ಹೌದ್ರಿ” ಅಂದಳು. “ಸುಳ್ಳು ಬರಿಸಿದ್ವಿ.”

“ಎಷ್ಟು ವರ್ಷ ಇಳಿಸಿದ್ರಿ?” ಗಿರಿಜಾಂಬ ಕಾಶವ್ವತ್ತಿಯ ಕಡೆ ತಿರುಗಿದರು. “ಏನ್ರೀ, ಸಂಬಂಧ ತಂದೋರು ನೀವಲ್ವಾ?”

“ನಾನ ರೀ. ಬರೀವಾಗ ಕೈ ಜಾರಿ ಎರಡು ವರ್ಷ ಇಳೀತು.”

“ಎರಡಾ?”

“ಎರಡೋ ಐದೋ. ಜಾರಿದ ಕೈ ಎಲ್ಲಿ ಹೋಗಿ ನಿಂತಿತೋ ಯಾರು ನೋಡಿದ್ರು?”

ಗಿರಿಜಾಂಬ ಬಾಗಿಲಿಗೆ ನಡೆದು, “ಏನ್ರಮ್ಮಾ, ನೀವಾದ್ರೂ ಸತ್ಯ ಹೇಳಿ. ಈ ಹುಡುಗಿಗೆ ಎಷ್ಟು ವಯಸ್ಸು?” ಎಂದು ಕೇಳಿದರು.

ನನ್ನನ್ನು ಹುಟ್ಟಿದ ದಿನ ಎತ್ತಿಕೊಂಡ ಹೆಂಗಸರು ಅವರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಇಪ್ಪತ್ತೇಳು ಮುಗದಾವ” ಅಂದಳು ಶಂಕ್ರವ್ವ. “ಎಲ್ಲೀದು? ಮೂವತ್ತು. ನನ್ನ ಮದಿವ್ಯಾಗ ಆರತಿ ಹಿಡದಿದ್ಲು” ಅಂದಳು ಇನ್ನೊಬ್ಬಳು. ಮೂರನೆಯವಳಿಗೆ ಹುರುಪು ಬಂತು: “ಮೂವತ್ತೈದರಾಗ ಬಿದ್ದಾಳ್ರಿ. ಕೂದಲಿಗೆ ಬಣ್ಣಾ ಹಚ್ಚತಾಳ.” ನಾನು ತಿಳಿಯದೆ ಜಡೆ ಮುಟ್ಟಿಕೊಂಡೆ. “ನನ್ನ ಓರಗಿಯಾಕಿ ಅಂದ್ರೂ ನಡೀತೈತಿ” ಅಂದಳು ಮೊಮ್ಮಕ್ಕಳನ್ನು ಕಂಡ ಕಾಶವ್ವತ್ತಿ.

ಒಂದೊಂದು ಸಂಖ್ಯೆ ಬಂದಾಗಲೂ ಮೃತ್ಯುಂಜಯ ಅವರು ಅಪ್ಪನನ್ನು ಹೊಸದಾಗಿ ನೋಡುತ್ತಿದ್ದರು. ತುಟಿ ಸದ್ದಿಲ್ಲದೆ ಆಡುತ್ತಿತ್ತು. ಇದ್ದಕ್ಕಿದ್ದಂತೆ ಆಡುವುದು ನಿಂತಿತು. ಏನಾಯಿತೆಂದು ನನಗೆ ಆ ಕ್ಷಣವೇ ತಿಳಿಯಿತು. ಒಂಬತ್ತಕ್ಕೆ ನಾಲ್ಕು ಎಂದ ಮೇಲೆ, ಪೂರ್ತಿ ವರ್ಷಗಳಲ್ಲಿ ಹೇಳುವುದಾದರೆ, ಮಗಳ ವಯಸ್ಸು ನಾಲ್ಕರ ಮಗ್ಗಿಯಲ್ಲಿ ಇರಲೇಬೇಕು. ಇಪ್ಪತ್ತೇಳು ಅಲ್ಲಿಲ್ಲ. ಮೂವತ್ತು ಇಲ್ಲ, ಮೂವತ್ತೈದೂ ಇಲ್ಲ. ಓಣಿಯವರು ಅವಸರದಲ್ಲಿ ಒಂದಾದರೂ ಸರಿಯಾದ ಸುಳ್ಳು ಹೇಳಲಿಲ್ಲ. ಅಲ್ಲಿಯವರೆಗೆ ಬಂದ ಸಂಖ್ಯೆಗಳಲ್ಲಿ ಮಗ್ಗಿಗೆ ಸರಿಯಾಗಿ ಕೂರುವುದು ಜಾತಕದಲ್ಲಿದ್ದದ್ದು ಮಾತ್ರ.

ಅವರಿಗೆ ಗೊತ್ತಾಗಿತ್ತು. ನನಗೆ ಎಷ್ಟು ವರ್ಷವೆಂದು, ಅಪ್ಪನಿಗೆ ಎಷ್ಟೆಂದು, ಇಷ್ಟು ಜನ ಸೇರಿ ಸುಳ್ಳು ಹೇಳುತ್ತಿದ್ದಾರೆಂದು. ಉತ್ತರ ಸಿಕ್ಕವರ ಮುಖದ ಆ ಹೊಳಪನ್ನು ನಾನು ಬಲ್ಲೆ, ಎಷ್ಟೋ ಸಲ ಕನ್ನಡಿಯಲ್ಲಿ ನೋಡಿ ಮುಚ್ಚಿಟ್ಟದ್ದು. ಅವರು ಬಾಯಿ ತೆರೆದರು. ನಾನು ಅವರನ್ನೇ ನೋಡಿದೆ, ನೇರವಾಗಿ, ಅಲ್ಲಿಯವರೆಗೆ ಯಾವ ಗಂಡಸನ್ನೂ ನೋಡಿರದ ಹಾಗೆ. ಅವರು ನನ್ನನ್ನು ನೋಡಿ, ಸಾಲಾಗಿ ನಿಂತ ಖಾಲಿ ಕೊಡಗಳನ್ನು ನೋಡಿ, ಅಪ್ಪನ ಬೆನ್ನ ಹಿಂದಿನ ಕ್ಯಾಲೆಂಡರನ್ನು ನೋಡಿದರು. ಬಾಯಿ ಮುಚ್ಚಿದರು. ಕಿವಿ ಕೆಂಪಾಯಿತು.

“ಏನೋ ಮುತ್ತು? ಹುಡುಗಿ ವಯಸ್ಸು ಕಂಡುಹಿಡಿಯೋಕಾಗುತ್ತಾ?” ಕೇಳಿದರು ಗಿರಿಜಾಂಬ.

“ಇಲ್ಲಮ್ಮ. ಅವ್ಯಕ್ತ ಎರಡು, ಸಮೀಕರಣ ಒಂದೇ. ಬಿಡಿಸೋಕೆ ಬರಲ್ಲ.”

“ನಿನಗೆ ಬಾರದ ಲೆಕ್ಕವೇನೋ? ಚಿನ್ನದ ಪದಕ ಏನು ಪಾತ್ರೆ ಅಂಗಡೀಲಿ ತಂದಿದ್ಯಾ?”

“ಬರಲ್ಲ ಅಂದ್ನಲ್ಲಮ್ಮ.” ಅಷ್ಟು ಹೇಳಲು ಅವರಿಗೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟವಾಗಿತ್ತು, ಹಣೆಯಲ್ಲಿ ಬೆವರು ಕಾಣುತ್ತಿತ್ತು. “ಇನ್ನೊಂದು ಸಮೀಕರಣ ಇದ್ದಿದ್ರೆ ಬಿಡಿಸಬಹುದಿತ್ತು. ಇಲ್ಲ. ಏನ್ ಮಾಡೋಕಾಗುತ್ತೆ?”

ಓಣಿಯ ಉಸಿರು ಒಟ್ಟಿಗೇ ಕೆಳಗಿಳಿಯಿತು. ಕಾಶವ್ವತ್ತಿ ಸೆರಗಿನಿಂದ ಗಾಳಿ ಬೀಸಿಕೊಂಡಳು. ಉತ್ತರ ಗೊತ್ತಿದ್ದೂ ಹೇಳದೆ ಕೂತವರ ಪೈಕಿ ನಾನು ಇಷ್ಟು ವರ್ಷ ಒಬ್ಬಳೇ ಎಂದುಕೊಂಡಿದ್ದೆ. ಓಣಿಯವರೂ ಹೇಳುವುದಿಲ್ಲ, ನಿಜ, ಆದರೆ ಅವರಿಗೆ ಹೇಳಬೇಕೆಂದು ನಾಲಿಗೆ ತುರಿಸುವುದಿಲ್ಲ. ಇವರಿಗೆ ತುರಿಸುತ್ತಿತ್ತು. ಕತ್ತಿನ ನರ ಉಬ್ಬಿತ್ತು.

ಅಪ್ಪನಿಗೆ ಮಾತ್ರ ಅವರನ್ನು ನೋಡಿ ಮರುಕ ಬಂತು. ಬಂದ ಅತಿಥಿ ಒಂದು ಸಮೀಕರಣಕ್ಕಾಗಿ ಹೀಗೆ ಬೆವರುವುದೆಂದರೇನು? “ಅಯ್ಯ, ಅಷ್ಟ ಏನ್ರಿ?” ಎಂದು ಎದ್ದು ಬಂದು ಅವರ ಭುಜ ತಟ್ಟಿದ. “ಅದಕ್ಯಾಕ ಚಿಂತಿ? ಇನ್ನೊಂದು ನಾ ಕೊಡ್ತೇನಿ. ಬರೂ ವರ್ಷ ನಾವಿಬ್ರೂ ಹನ್ನೊಂದಕ್ಕ—”

ಅವ್ವ ಕಿರುಚಲು ಬಾಯಿ ತೆರೆದಳು. ಎರಡು ವರ್ಷದ ಎರಡು ಅನುಪಾತ ಒಟ್ಟಿಗೆ ಸಿಕ್ಕರೆ ಯಾವ ಸುಳ್ಳೂ ನಿಲ್ಲುವುದಿಲ್ಲ. ಗಿರಿಜಾಂಬ ಮಗನಿಂದ ಉತ್ತರ ಹೇಳಿಸದೆ ಬಿಡುತ್ತಿರಲಿಲ್ಲ. ನಾನು ಏಳುವ ಮೊದಲೇ ಮೃತ್ಯುಂಜಯ ಅವರು ಎದ್ದಿದ್ದರು. ಅವರ ಅಂಗೈ ಅಪ್ಪನ ಬಾಯಿಯ ಮೇಲೆ ಬಿಗಿಯಾಗಿ ಕೂತಿತ್ತು. ಉಳಿದ ಅರ್ಧ ಅನುಪಾತ ಒಳಗೇ ಗುಂಯ್ಗುಟ್ಟುತ್ತಿತ್ತು, ಬೆರಳುಗಳ ಮೇಲೆ ಮೀಸೆ ಮಾತ್ರ ಕುಣಿಯುತ್ತಿತ್ತು.

“ಮುತ್ತೂ!” ಗಿರಿಜಾಂಬ ಕೂಗಿದರು. “ಹೆಣ್ಣು ನೋಡೋಕೆ ಬಂದು ಹೆಣ್ಣಿನ ತಂದೆ ಬಾಯಿಗೆ ಕೈ ಹಾಕ್ತೀಯೇನೋ!”

“ಹಾಕ್ಲೇಬೇಕಮ್ಮ.” ಅವರು ಕೈ ತೆಗೆಯಲಿಲ್ಲ. “ಪ್ರತಿ ವರ್ಷ ಇವರದ್ದು ಅನುಪಾತ ಬದಲಾಗುತ್ತೆ. ವರ್ಷಾ ವರ್ಷಾ ಬಂದು ಹಾಕಬೇಕಾಗುತ್ತೆ ಅನ್ಸುತ್ತೆ.”

“ಮೊದಲ ನಮ್ಮ ತೊಟ್ಟಿ ತಂದು ಕೊಡ್ಲಿ, ಆಮ್ಯಾಲ ಬರ್ಲಿ” ಅಂದಳು ಬಾಗಿಲಿನಿಂದ ಶಂಕ್ರವ್ವ.

ಅವರಿಗೆ ಅದು ಕೇಳಿಸಿತೋ ಇಲ್ಲವೋ. ಅಪ್ಪನ ತಲೆಯ ಮೇಲಿನಿಂದ ನನ್ನನ್ನು ನೋಡಿ, ಎಷ್ಟೋ ಹೊತ್ತಿನಿಂದ ಕೇಳಬೇಕೆಂದು ಕಾದವರಂತೆ, “ಬರಬಹುದಾ?” ಅಂದರು.

ನಮ್ಮ ಊರಿನಲ್ಲಿ ಹುಟ್ಟಿದವರು ಯಾರೂ, ಇರಲಿ ಎಂದು ಬಯಸಿದವರ ಎದುರು ಉತ್ತರ ಹೇಳುವುದಿಲ್ಲ. ಅವ್ವ ನನ್ನ ಸೀರೆಯ ಚುಂಗು ಹಿಡಿದು ಎಳೆದಳು. ಕಾಶವ್ವತ್ತಿ ತುಟಿಯ ಮೇಲೆ ಬೆರಳಿಟ್ಟಳು. ಬಾಗಿಲಲ್ಲಿ ಕೊಡಗಳು ಸದ್ದು ನಿಲ್ಲಿಸಿದವು.

“ಹೂಂ” ಅಂದೆ, ಗಟ್ಟಿಯಾಗಿಯೇ. ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಕಾದೆ. ತೆರೆದಾಗ ಅವರು ಅಲ್ಲೇ ಇದ್ದರು.